ಗಾಲಿಯ ಕೀಲು

ತಂಗಿಯನ್ನು ಚೊಚ್ಚಲ ಹೆರಿಗೆಗೆ ಮುದ್ದೇಬಿಹಾಳದಿಂದ ಇಂಡಿಗೆ ಕರೆತರಬೇಕಿತ್ತು. ಶುಕ್ರವಾರ ಒಳ್ಳೆಯ ದಿನವೆಂದು ಅವ್ವ ಮೊದಲೇ ಗೊತ್ತುಮಾಡಿದ್ದಳು. ಹಿಂದಿನ ವಾರ ಸಿಂದಗಿಗೆ ಹೋಗಿ ಬರುವಾಗ, ತಗ್ಗು ಬಂದಲ್ಲೆಲ್ಲ ನಮ್ಮ ಹಳೆಯ ಕಾರಿನ ಮುಂದಿನ ಎಡಗಾಲಿ 'ಟಕ್' ಎನ್ನುತ್ತಿತ್ತು. ನಮ್ಮ ಕಡೆಯದು ಎರಿ ಭೂಮಿ. ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಆ ಮಣ್ಣಿನ ಮೇಲೆ ಡಾಂಬರು ಹೆಚ್ಚು ದಿನ ಸಪಾಟಾಗಿ ನಿಲ್ಲುವುದಿಲ್ಲ. ರಸ್ತೆಯದೇ ಸದ್ದು ಎಂದುಕೊಂಡು ಸುಮ್ಮನಿದ್ದೆ.

ಗುರುವಾರ ಸಂಜೆ ಯಾಕೋ ಅಳುಕಾಗಿ ಅಪ್ಪನಿಗೆ ಹೇಳಿದೆ. 30 ವರ್ಷ ಬಸ್ಸು ಓಡಿಸಿದ ಅಪ್ಪನಿಗೆ ಈಗ ಕಿವಿ ಮಂದ.

"ಸಪ್ಪಳ ನನಗ ಕೇಳಸೂದಿಲ್ಲ. ಕೈಲೆ ನೋಡೂಣು" ಎಂದ.

ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಜಾಕ್ ಏರಿಸಿ, ಕಾರಿನ ಕೆಳಗೆ ಸ್ಟ್ಯಾಂಡ್ ಇಟ್ಟೆವು. ಅಪ್ಪ ಗಾಲಿಯ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲುಗಿಸಿದ. ಸಣ್ಣಗೆ ಆಡಿತು. ಕೈಗಳನ್ನು ಎಡಕ್ಕೂ ಬಲಕ್ಕೂ ತಂದು ಅಲುಗಿಸಿದ. ಬಿಗಿಯಾಗಿತ್ತು, ಸ್ಟೇರಿಂಗಿನ ಟೈ ರಾಡ್ ಸರಿಯಿದೆ ಎಂದರ್ಥ.

"ತಮ್ಮಾ, ಬ್ರೇಕ್ ಒತ್ತಿ ಹಿಡಿ."

ಒಳಗೆ ಕೂತು ಒತ್ತಿದೆ. ಬೇರಿಂಗ್ ಸವೆದಿದ್ದರೆ ಬ್ರೇಕ್ ಹಿಡಿದಾಗ ಅಲುಗಾಟ ಬಹುಮಟ್ಟಿಗೆ ನಿಲ್ಲುತ್ತದೆ. ನಿಲ್ಲಲಿಲ್ಲ.

ಟಾರ್ಚ್ ಹಿಡಿದು ಕೆಳಗೆ ನೋಡಿದೆವು. ಗಾಲಿಯನ್ನು ಲೋವರ್ ಆರ್ಮಿಗೆ ಜೋಡಿಸುವ ಬಾಲ್ ಜಾಯಿಂಟಿನ ರಬ್ಬರ್ ಹರಿದಿತ್ತು. ಗ್ರೀಸ್ ಒಣಗಿ ಮಣ್ಣು ಒಳಸೇರಿತ್ತು. ಅಪ್ಪ ಟಾಮಿ ಹಾಕಿ ಮೀಟುತ್ತ ನನ್ನ ಬೆರಳನ್ನು ಕೀಲಿನ ಮೇಲೆ ಇಡಿಸಿದ. ಅದೇ 'ಟಕ್' ಬೆರಳಿಗೆ ತಾಗಿತು. ಒಂದು ವಾರ ಕೇಳಿಯೂ ತಪ್ಪನ್ನು ರಸ್ತೆಯ ಮೇಲೆ ಹಾಕಿದ್ದೆನಲ್ಲ ಎಂದು ನಾಚಿಕೆಯಾಯಿತು.

"ನಿಧಾನಕ ಹೋದ್ರ?" ಎಂದೆ.

"ಇದು ಕಳಚಿತಂದ್ರ ಗಾಲಿ ಅಡ್ಡ ಬೀಳತದ. ಸ್ಟೇರಿಂಗ್ ನಿನ್ನ ಮಾತು ಕೇಳೂದಿಲ್ಲ."

ಬಾಗಿಲಲ್ಲಿ ನಿಂತಿದ್ದ ಅವ್ವ, "ನಾಳಿ ಬಿಟ್ರ ಸೋಮವಾರನ ಛಲೋ ದಿನ" ಎಂದಳು.

"ಸೋಮವಾರನ ಬರಲಿ" ಎಂದ ಅಪ್ಪ. ಆ ರಾತ್ರಿ ಅವ್ವ ಯಾರೊಂದಿಗೂ ಮಾತಾಡಲಿಲ್ಲ.

ಶನಿವಾರ ಗ್ಯಾರೇಜಿನಲ್ಲಿ ಜಾಯಿಂಟ್ ಸಮೇತ ಲೋವರ್ ಆರ್ಮ್ ಬದಲಾಯಿಸಿ, ಅಲೈನ್‌ಮೆಂಟ್ ಮಾಡಿಸಿದೆ. ಸೋಮವಾರ ತಂಗಿಯನ್ನು ಕರೆದುಕೊಂಡು ಬಸವನ ಬಾಗೇವಾಡಿ ದಾಟುವಾಗ ದೊಡ್ಡದೊಂದು ಹಂಪ್ಸ್ ಬಂತು. ತಂಗಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಕಾರು ಏರಿ ಇಳಿಯಿತು.

ಪಕ್ಕದಲ್ಲಿದ್ದ ಅಪ್ಪ ನನ್ನತ್ತ ತಿರುಗಿ, "ಏನರೆ ಕೇಳಿಸಿತೇನು?" ಎಂದ.

"ಇಲ್ಲಪ್ಪಾ."

"ಆಂ?"

"ಏನೂ ಇಲ್ಲಪ್ಪಾ" ಎಂದೆ, ಜೋರಾಗಿ.