ತೊಟ್ಟಿ, ಶೀಟು ಮತ್ತು ಅಜ್ಜಿ

ಈ ಸಲ ಊರಿಗೆ ಹೋದಾಗ ಅಜ್ಜಿ ನನ್ನ ಜೊತೆ ಎರಡು ದಿನ ಮಾತೇ ಆಡಲಿಲ್ಲ. ತಪ್ಪು ನಂದೇ ಬಿಡಿ..

ನಮ್ಮ ಊರು ಮಧುಗಿರಿಯಿಂದ ಪಾವಗಡಕ್ಕೆ ಹೋಗೋ ದಾರಿಯಲ್ಲಿದೆ. ಮನೆ ಹಳೇ ಕಾಲದ ಮಾಳಿಗೆ ಮನೆ. ಮಣ್ಣಿನ ಗೋಡೆ, ಕಲ್ಲು ಕಂಬ, ನಡುವೆ ಆಕಾಶಕ್ಕೆ ಬಾಯಿ ತೆರೆದ ತೊಟ್ಟಿ, ಅಡುಗೆಮನೆಗೊಂದು ಗವಾಕ್ಷಿ, ಹೊರಗೆ ಜಗಲಿ. 2021ರಲ್ಲಿ ವರ್ಕ್ ಫ್ರಮ್ ಹೋಮ್ ಅಂತ ಅಲ್ಲೇ ಇದ್ದಾಗ ಇದನ್ನ ರಿನೋವೇಟ್ ಮಾಡೋ ಹುಚ್ಚು ಹತ್ತಿತು. ನೆಟ್ಟಲ್ಲಿ ನೋಡಿದ್ದೆಲ್ಲ ಗೋವಾ, ಶ್ರೀಲಂಕಾದ ಸಮುದ್ರದಂಡೆಯ ಮನೆಗಳು. ಒಳಗು ಹೊರಗು ಒಂದಾಗಬೇಕು ಅಂತ ಗೋಡೆ ಒಡೆದು ದೊಡ್ಡ ದೊಡ್ಡ ಬಾಗಿಲು ಇಟ್ಟಿರ್ತಾರೆ. ಜೆಫ್ರಿ ಬಾವಾ ಅನ್ನೋ ವಾಸ್ತುಶಿಲ್ಪಿ 1960ರ ದಶಕದಲ್ಲಿ ಕೊಲಂಬೋದಲ್ಲಿ ಅಂಗಳದ ಸುತ್ತ ಮನೆ ಕಟ್ಟಿ ಹೆಸರು ಮಾಡಿದ ಅಂತ ಅಜ್ಜಿಗೆ ಹೇಳಿದೆ. "ಅಷ್ಟಕ್ಕೇ ಹೆಸರಾ? ನಿಮ್ಮ ಮುತ್ತಾತಂಗೆ ಯಾರೂ ಕೊಡಲಿಲ್ವಲ್ಲೋ" ಅಂದ್ಲು :-)

ಇಷ್ಟೆಲ್ಲ ಓದಿ ನಾನು ಮಾಡಿದ್ದೇನು? ಕೋತಿ ಕಾಟ, ಧೂಳು ಅಂತ ತೊಟ್ಟಿ ಮೇಲೆ ಪಾಲಿಕಾರ್ಬೊನೇಟ್ ಶೀಟ್. ಗೋಡೆಗೆ ಸಿಮೆಂಟ್ ಗಾರೆ. ತೊಟ್ಟಿ ನೀರು ಹಿತ್ತಲಿಗೆ ಹೋಗೋ ಕಲ್ಲಿನ ಕಿಂಡಿ ಮೇಲೆ ಟೈಲ್ಸ್. ಕರಾವಳಿಯಲ್ಲಿ 3000 ಮಿ.ಮೀ. ದಾಟಿ ಮಳೆ ಬರುತ್ತೆ, ನಮಗೆ ಅದರ ಕಾಲು ಭಾಗವೂ ಇಲ್ಲ, ಇಲ್ಲೆಲ್ಲಿ ನೀರು ಅನ್ನೋ ಧೈರ್ಯ!

ಮೊದಲ ಬೇಸಿಗೆಗೇ ಮನೆ ಒಲೆ ಆಯ್ತು. ಬಿಸಿ ಗಾಳಿ ತೊಟ್ಟಿಯಿಂದ ಮೇಲೆ ಹೋಗೋಕೆ ದಾರಿಯೇ ಇಲ್ಲ. ಆಮೇಲೆ 2022ರ ಮಳೆ. ಎಷ್ಟೋ ವರ್ಷದಿಂದ ತುಂಬದ ಕೆರೆಗಳು ಕೋಡಿ ಬಿದ್ವು. ಶೀಟಿನ ನೀರೆಲ್ಲ ಮಾಳಿಗೆ ಮೇಲೆ ಸುರೀತು. ಮಣ್ಣಿನ ಗೋಡೆ ಕುಡಿದ ನೀರು ಆರಬೇಕಂದ್ರೆ ಸಿಮೆಂಟು ಬಿಡಬೇಕಲ್ಲ! ಊದಿಕೊಂಡು, ಒಂದು ರಾತ್ರಿ ಅಜ್ಜಿ ಮಲಗೋ ಮೂಲೆಯ ಗಾರೆ ಪೂರ್ತಿ ಕಳಚಿ ಬಿತ್ತು. ಸೋರುತ್ತೆ ಅಂತ ಅವಳು ಹಾಸಿಗೆ ಪಡಸಾಲೆಗೆ ಎಳ್ಕೊಂಡಿದ್ಲು. ಇಲ್ಲದಿದ್ರೆ.. ನೆನೆಸಿಕೊಂಡ್ರೆ ಈಗಲೂ ಕೈ ತಣ್ಣಗಾಗುತ್ತೆ.

ತೇಪೆ ಹಾಕಿ ದಿನ ದೂಡಿದ್ವಿ. ಈ ಸಲ ಅಪ್ಪ, "ಎಲ್ಲ ಕೆಡವಿ ಆರ್‌ಸಿಸಿ ಹಾಕೋಣ" ಅಂದಾಗ ನಾನು ಹೂಂ ಅಂದೆ. ಮೌನವ್ರತ ಅದಕ್ಕೇ.

ಮೂರನೇ ದಿನ ಬೆಳಿಗ್ಗೆ ಠಣ್ ಠಣ್ ಅಂತ ಶಬ್ದ. ಎದ್ದು ನೋಡಿದ್ರೆ ಅಜ್ಜಿ ಹಾರೆ ಹಿಡಿದು ತೊಟ್ಟಿ ಮೂಲೆಯ ಟೈಲ್ಸ್ ಒಡೀತಿದ್ದಾಳೆ. ಕಿತ್ಕೊಂಡು ನಾನೇ ಒಡೆದೆ. ಕಿಂಡಿ ಹಾಗೇ ಇತ್ತು. ಮಧ್ಯಾಹ್ನದೊಳಗೆ ಪಕ್ಕದ ಮನೆ ಹುಡುಗನ್ನ ಕರೆದು ಶೀಟೂ ಇಳಿಸಿದ್ವಿ. ಕೋತಿಗೆ ಕಬ್ಬಿಣದ ಜಾಲರಿ ಸಾಕು. ಗೋಡೆಯ ಸಿಮೆಂಟು ಕೆತ್ತಿ ಸುಣ್ಣದ ಗಾರೆ ಮಾಡಿಸಬೇಕು, ಕೊರಟಗೆರೆ ಕಡೆ ಒಬ್ರು ಮಾಡ್ತಾರಂತೆ. ಅಪ್ಪನಿಗೆ ಇನ್ನೂ ಹೇಳಿಲ್ಲ.

ಕಿಂಡಿಗೆ ಒಂದು ಬಿಂದಿಗೆ ನೀರು ಸುರಿದೆ. ಅಜ್ಜಿ ಹಿತ್ತಲಲ್ಲಿ ನಿಂತು ನೋಡ್ತಾ ಇದ್ದವಳು ಕೂಗಿದ್ಲು, "ಬಂತು ಕಣೋ, ಇನ್ನೊಂದು ಹುಯ್ಯಿ!"