ಪಡಸಾಲೆಯ ಕೊಂಬು, ಚಿಂಚೋಳಿಯ ಕಾಡು

ಕಲಬುರಗಿಯಿಂದ ವಾಡಿಯ ಕಡೆಗೆ ರೈಲು ಹಿಡಿದರೆ ಮೊದಲು ಸಿಗುವ ದೊಡ್ಡ ಊರು ಶಹಾಬಾದ. ಎಲ್ಲೆಲ್ಲೂ ಸುಣ್ಣಕಲ್ಲಿನ ಗಣಿಗಳು, ಪೇರಿಸಿಟ್ಟ ಫರಸಿಗಳು. ವಾಡಿಯಲ್ಲಿ ಹಳಿ ಕವಲೊಡೆಯುತ್ತದೆ. ಒಂದು ರಾಯಚೂರಿಗೆ, ಇನ್ನೊಂದು ಚಿತ್ತಾಪುರ, ಮಳಖೇಡ, ಸೇಡಂ ದಾಟಿ ಸಿಕಂದರಾಬಾದಿಗೆ. ಈ ಎರಡನೆಯದು ನಿಜಾಮರ ಕಾಲದ್ದು, 1874ರಲ್ಲಿ ಆರಂಭವಾಯಿತು. ಸೇಡಂನಲ್ಲಿ ಇಳಿದು ಬಸ್ಸು ಹತ್ತಿದರೆ ಚಿಂಚೋಳಿ. ಬಿಸಿಲಿಗೆ ಹೆಸರಾದ ಈ ಸೀಮೆಯಲ್ಲಿ ಕಾಡೂ ಇದೆ ಎಂದರೆ ಹೊರಗಿನವರು ಸುಲಭವಾಗಿ ನಂಬುವುದಿಲ್ಲ.

ಕಾಡಿದ್ದ ಕಡೆ ಶಿಕಾರಿಯೂ ಇತ್ತು. ಶಿಕಾರಿ ಮಾಡಿದವರು ಚಿಗರಿಯ ತಲೆಯನ್ನು ವಾಡೆಯ ಪಡಸಾಲೆಯಲ್ಲಿ ತೂಗುಹಾಕಿ ಮೆರೆಯುತ್ತಿದ್ದ ಕಾಲವೊಂದಿತ್ತು. ಪ್ರಯಾಣದ ಹೊತ್ತು ಕಳೆಯಲು ವಿದ್ಯಾರ್ಥಿಗಳಿಗೆ ಇಲ್ಲೊಂದು ಸಮಸ್ಯೆ ಕೊಡುತ್ತೇನೆ. ಅಜ್ಜನ ಕಾಲದ ಚಿಗರಿಯ ತಲೆಗೆ ಹುಳು ಹಿಡಿಯಿತು. ಮೊಮ್ಮಗ ಅದನ್ನು ಸರಿಮಾಡಿಸಲು ಕುಶಲಕರ್ಮಿಯೊಬ್ಬನಿಗೆ ಕೊಟ್ಟ. ವರ್ಷದ ಮೇಲೆ ಕೇಳಿದರೆ ‘ಕಳೆದು ಹೋಗ್ಯಾದ್ರಿ’ ಎಂಬ ಉತ್ತರ. ಅಜ್ಜನ ಗುರುತು ಹೋಯಿತೆಂದು ಇವನ ಸಿಟ್ಟು. ಬೇಕಾದರೆ ಇನ್ನೊಂದು ತಲೆ ಕೊಡುತ್ತೇನೆಂದು ಅವನ ರಾಜಿಮಾತು. ಪಂಚರಾಗಿ ಕುಳಿತವರು ಏನು ಹೇಳಬೇಕು?

ಚಿತ್ತಾಪುರ ಬರುವುದರೊಳಗೆ ವಿಜ್ಞಾನದ ಭಾಗ ಮುಗಿಸೋಣ. ಸತ್ತ ಪ್ರಾಣಿಯನ್ನು ಜೀವಂತವಿದ್ದಂತೆ ನಿಲ್ಲಿಸುವ ಕಲೆಗೆ ಟ್ಯಾಕ್ಸಿಡರ್ಮಿ ಎನ್ನುತ್ತಾರೆ. ಚರ್ಮ ಸುಲಿದು, ಉಪ್ಪು ಸವರಿ, ಹದಮಾಡಿ, ಅದನ್ನು ಒಂದು ಅಚ್ಚಿನ ಮೇಲೆ ತೊಡಿಸುತ್ತಾರೆ. ಕಣ್ಣು ಗಾಜಿನದು. ಮಾಂಸ, ಮಿದುಳು ಯಾವುದೂ ಇರುವುದಿಲ್ಲ. ಚಿಗರಿಯ ಕೊಂಬು ಮಾತ್ರ ನಿಜವಾದದ್ದು. ಜಿಂಕೆಯ ಕವಲುಗೊಂಬು ವರ್ಷ ವರ್ಷ ಉದುರಿ ಮತ್ತೆ ಬರುತ್ತದೆ. ಚಿಗರಿಯದು ಹಾಗಲ್ಲ, ಒಳಗೆ ಮೂಳೆ, ಹೊರಗೆ ಕವಚವಾಗಿ ಬದುಕಿನುದ್ದಕ್ಕೂ ಉಳಿಯುತ್ತದೆ. ಅದರ ಉದ್ದ, ಸುರುಳಿ, ಉಂಗುರಗಳು ಒಂದೊಂದು ಪ್ರಾಣಿಯಲ್ಲಿ ಒಂದೊಂದು ತೆರ. ಮನೆಯಲ್ಲಿ ಹಳೆಯ ಫೋಟೋ ಇದ್ದರೆ, ತಂದುಕೊಟ್ಟದ್ದು ಅದೇ ತಲೆಯೋ ಬೇರೆಯೋ ಎಂದು ಹೋಲಿಸಿ ನೋಡಬಹುದು.

ಈ ಕಲೆಗೆ ನಮ್ಮ ನಾಡಿನಲ್ಲೇ ಜಗತ್ಪ್ರಸಿದ್ಧ ಮನೆಯೊಂದಿತ್ತು. ಮೈಸೂರಿನ ವ್ಯಾನ್ ಇಂಗೆನ್ ಸಂಸ್ಥೆ. ಯುಜೀನ್ ವ್ಯಾನ್ ಇಂಗೆನ್ 1900ರ ಸುಮಾರಿಗೆ ಶುರು ಮಾಡಿದ್ದನ್ನು ಮಕ್ಕಳು ಬೆಳೆಸಿದರು, 1999ರಲ್ಲಿ ಮುಚ್ಚಿತು. ಅಷ್ಟರಲ್ಲಿ ಅಲ್ಲಿ ಹದಗೊಂಡ ಹುಲಿ, ಚಿರತೆಗಳ ಸಂಖ್ಯೆ ಸುಮಾರು 43,000 ಎಂದು ಅಂದಾಜು. ಕೈಚಳಕಕ್ಕೆ ಬೆರಗಾಗಬೇಕೋ, ಸಂಖ್ಯೆಗೆ ಮರುಗಬೇಕೋ ತಿಳಿಯದು.

ಮಳಖೇಡ ಬಂತು. ಕಾಗಿಣಾ ದಂಡೆಯ ಈ ಊರು ರಾಷ್ಟ್ರಕೂಟರ ಮಾನ್ಯಖೇಟ. ಇಲ್ಲಿನ ಕೋಟೆಯ ಕಲ್ಲನ್ನು ಯಾರೂ ಮನೆಗೆ ಹೊತ್ತೊಯ್ದು ತನ್ನದೆನ್ನುವಂತಿಲ್ಲ. ಕಾಡುಪ್ರಾಣಿಯ ಮಾತೂ ಈಗ ಹಾಗೆಯೇ. ನಮ್ಮ ಸಮಸ್ಯೆಯ ಗಂಟು ಬಿಚ್ಚುವುದು ಇಲ್ಲೇ.

1872ರ ಕರಾರು ಕಾಯ್ದೆಯ ಪ್ರಕಾರ, ನಂಬಿ ಒಪ್ಪಿಸಿದ ವಸ್ತುವನ್ನು ಪಡೆದವನು ತನ್ನ ಸ್ವಂತದ್ದರಂತೆ ಎಚ್ಚರದಿಂದ ಕಾಯಬೇಕು. ಹಾಗಾದರೆ ಮೊಮ್ಮಗನೇ ಗೆದ್ದ ಎನ್ನಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಇಂಥ ಸ್ಮರಣಿಕೆ ಮನೆಯಲ್ಲಿಡಲು ಒಡೆತನದ ಪ್ರಮಾಣಪತ್ರ ಬೇಕು. ಘೋಷಿಸದೆ ಬಿಟ್ಟವರಿಗೆ 2003ರಲ್ಲಿ 180 ದಿನಗಳ ಇನ್ನೊಂದು ಅವಕಾಶ ಸಿಕ್ಕಿತ್ತು. ಹಿರಿಯರಿಂದ ಬಂದದ್ದಾದರೆ ವಾರಸುದಾರ 90 ದಿನಗಳೊಳಗೆ ಅರಣ್ಯ ಇಲಾಖೆಗೆ ತಿಳಿಸಬೇಕು. ಟ್ಯಾಕ್ಸಿಡರ್ಮಿಯ ಕಸುಬಿಗೂ ಲೈಸೆನ್ಸ್ ಬೇಕು, ದಾಖಲೆ ಇಡಬೇಕು.

ಆದ್ದರಿಂದ ಪಂಚರ ಮೊದಲ ಪ್ರಶ್ನೆ ‘ತಲೆ ಎಲ್ಲಿ?’ ಎಂದಲ್ಲ, ‘ಕಾಗದ ಎಲ್ಲಿ?’ ಎಂದು. ಕಾಗದವಿದ್ದರೆ ಕಳೆದದ್ದನ್ನು ಪೊಲೀಸರಿಗೂ ಅರಣ್ಯ ಇಲಾಖೆಗೂ ತಿಳಿಸಿ, ಆಮೇಲೆ ಪರಿಹಾರದ ಮಾತು. ಕಾಗದವಿಲ್ಲದಿದ್ದರೆ ದೂರು ಕೊಟ್ಟವನೇ ಉತ್ತರ ಹೇಳಬೇಕಾದೀತು. ಇನ್ನು ‘ಬದಲಿಗೆ ಇನ್ನೊಂದು ತಲೆ’ ಎಂಬ ರಾಜಿಯಂತೂ ಸಲ್ಲದು. ಪ್ರಮಾಣಪತ್ರವಿದ್ದರೂ ಇವನ್ನು ಮಾರುವಂತಿಲ್ಲ, ವ್ಯಾಪಾರದ ರೀತಿ ಕೈಬದಲಿಸುವಂತಿಲ್ಲ. ಜಗಳ ಮುಗಿಸುವ ಸುಲಭದ ದಾರಿ ಎಂದು ಕಂಡದ್ದೇ ಹೊಸ ಅಪರಾಧ. 2023ರ ಅಕ್ಟೋಬರ್‌ನಲ್ಲಿ ಹುಲಿಯುಗುರಿನ ಪದಕ ತೊಟ್ಟವರು ಬಂಧನಕ್ಕೊಳಗಾದಾಗ ಎಷ್ಟೋ ಮನೆಗಳಲ್ಲಿ ಕಪಾಟು ತಡಕಿದ್ದು ನೆನಪಿರಬಹುದು.

ಸೇಡಂನಿಂದ ಮುಂದೆ ನೆಲದ ಬಣ್ಣ ಬದಲಾಗುತ್ತದೆ, ಗುಡ್ಡಗಳು ಏಳುತ್ತವೆ, ತಾಂಡಾಗಳು ಕಾಣುತ್ತವೆ. ಚಿಂಚೋಳಿಯ ಕಾಡಿನ 134.88 ಚದರ ಕಿಲೋಮೀಟರ್ ಪ್ರದೇಶ 2011ರಲ್ಲಿ ವನ್ಯಜೀವಿಧಾಮವಾಯಿತು. ಚಂದ್ರಂಪಳ್ಳಿ ಜಲಾಶಯದ ನೀರು, ಮಳೆಗಾಲದಲ್ಲಿ ಧುಮುಕುವ ಎತ್ತಿಪೋತ ಜಲಪಾತ, ಗೊಟ್ಟಂಗೊಟ್ಟದ ದಟ್ಟ ಹಸಿರು. ಚಿಗರಿ, ನಾಲ್ಕು ಕೊಂಬಿನ ಕೊಂಡಗುರಿ, ತೋಳ, ನರಿ, ಕತ್ತೆಕಿರುಬ ಈ ಧಾಮದ ನಿವಾಸಿಗಳು. ಬೇಸಿಗೆಯಲ್ಲಿ ಎಲೆ ಉದುರಿ ಕಾಡು ಬೋಳಾಗುತ್ತದೆ. ಮೊದಲ ಮಳೆ ಬಿದ್ದರೆ ಅದೇ ಕಾಡೇ ಎನ್ನುವಷ್ಟು ಬದಲಾಗುತ್ತದೆ.

ಪಡಸಾಲೆಯ ತಲೆ ಕಳೆದರೆ ಒಂದು ಮನೆಯ ನೆನಪು ಹೋದೀತು. ಕಾಡಿನ ಚಿಗರಿ ಕಳೆದರೆ ಮುಂದಿನವರಿಗೆ ನೋಡಲು ಕೊಂಬಷ್ಟೇ ಉಳಿದೀತು. ಅದಕ್ಕಾಗಿ ತಂದೆತಾಯಿಗಳಲ್ಲಿ ಒಂದು ಮಾತು. ಮನೆಯಲ್ಲಿ ಇಂಥ ಹಳೆಯ ವಸ್ತುವಿದ್ದರೆ ಅದರ ಕಾಗದವನ್ನು ಈಗಲೇ ಹುಡುಕಿಡಿ. ಪ್ರಮಾಣಪತ್ರವಿದ್ದೂ ಇಟ್ಟುಕೊಳ್ಳಲು ಮನಸ್ಸಿಲ್ಲದವರು ಅದನ್ನು ಸರಕಾರಕ್ಕೆ ಒಪ್ಪಿಸಲು 2022ರ ತಿದ್ದುಪಡಿ ದಾರಿ ಮಾಡಿಕೊಟ್ಟಿದೆ. ಕಾಗದವೇ ಇಲ್ಲದವರು ಯಾರಿಗೂ ಕೊಡದೆ, ಮಾರದೆ, ವಕೀಲರನ್ನು ಕೇಳಿ ಅರಣ್ಯ ಇಲಾಖೆಯ ಬಳಿ ಹೋಗುವುದು ಲೇಸು.

ಮಕ್ಕಳನ್ನು ಚಿಂಚೋಳಿಗೆ ಕರೆದೊಯ್ಯುವುದಾದರೆ ಮಳೆ ನಿಂತ ಮೇಲಿನ ತಿಂಗಳುಗಳು ಒಳ್ಳೆಯವು. ಅರಣ್ಯ ಕಚೇರಿಯ ಅನುಮತಿ ಕೇಳಿ ಹೋಗಿ. ಬುತ್ತಿ, ಕುಡಿಯುವ ನೀರು ಜೊತೆಗಿರಲಿ; ಸಾಧ್ಯವಾದರೆ ದುರ್ಬೀನೂ ಇರಲಿ. ಗದ್ದಲ ಮಾಡದೆ ಕುಳಿತರೆ, ಗಾಜಿನದಲ್ಲದ ಕಣ್ಣೊಂದು ನಿಮ್ಮತ್ತ ನೋಡಿದರೂ ನೋಡೀತು.