ಮಳೆಗಾಲದ ಚಂದಾ

ಚಂದಾ ಎಂಬ ಮಾತು ಕನ್ನಡದ ಮನೆಗಳಿಗೆ ಹೊಸದಲ್ಲ. ಮಾಸಪತ್ರಿಕೆಯ ರಕ್ಷಾಪುಟದ ಒಳಬದಿಯಲ್ಲಿ ವಾರ್ಷಿಕ ಚಂದಾ ಇಷ್ಟು, ಬಿಡಿ ಪ್ರತಿ ಇಷ್ಟು ಎಂದು ಎರಡೇ ಸಾಲು ಇರುತ್ತಿದ್ದಿತು. ಮನಿಯಾರ್ಡರು ಹೋಯಿತೆಂದರೆ ವರ್ಷವಿಡೀ ಅಂಚೆಯವನು ಪತ್ರಿಕೆಯನ್ನು ತಂದುಕೊಡುತ್ತಿದ್ದನು. ಹಣ ಕಳುಹಿಸುವುದನ್ನು ಮರೆತರೆ ಮುಂದಿನ ಸಂಚಿಕೆ ಬಾರದೆ ನಿಲ್ಲುತ್ತಿತ್ತೇ ಹೊರತು, ಆಗಲೇ ಬಂದು ಕಪಾಟಿನಲ್ಲಿ ಕುಳಿತ ಸಂಚಿಕೆಗಳನ್ನು ಯಾರೂ ಬಂದು ಹೊತ್ತುಕೊಂಡು ಹೋಗುತ್ತಿರಲಿಲ್ಲ. ಈಗ ಚಲನಚಿತ್ರಗಳನ್ನು ಅಂತರ್ಜಾಲದ ಮೂಲಕ ಮನೆಗೆ ಹರಿಯಬಿಡುವ ಸಂಸ್ಥೆಗಳು ಕೇಳುವ ಚಂದಾ ಬೇರೆ ಜಾತಿಯದು. ಹಣ ನಿಂತ ದಿನ ಕಪಾಟೇ ಮಾಯವಾಗುವುದು.

ರೇಡಿಯೋವಿಗೂ ಒಂದು ಬಗೆಯ ಚಂದಾ ಇದ್ದಿತೆಂಬುದನ್ನು ಹಿರಿಯರು ಬಲ್ಲರು. ಅಂಚೆಕಚೇರಿಗೆ ಹೋಗಿ ವರ್ಷಕ್ಕೊಮ್ಮೆ ಲೈಸೆನ್ಸಿನ ಹಣ ಕಟ್ಟಬೇಕಾಗಿತ್ತು. 1980ರ ದಶಕದಲ್ಲಿ ಅದು ರದ್ದಾಯಿತು. ಆ ಲೈಸೆನ್ಸು ಪೆಟ್ಟಿಗೆಗೆ ಸೇರಿದ್ದು. ಪೆಟ್ಟಿಗೆಯ ಮುಂದೆ ನಾಲ್ವರು ಕುಳಿತರೋ ಕೇರಿಯೇ ಕುಳಿತಿತೋ ಎಂದು ಸರ್ಕಾರ ಎಣಿಸಲು ಬರುತ್ತಿರಲಿಲ್ಲ. ಹೊಸ ಚಂದಾ ಎಣಿಸುತ್ತದೆ. ಏಕಕಾಲದಲ್ಲಿ ಎಷ್ಟು ಪರದೆ, ಪರದೆ ಚಿಕ್ಕದೋ ದೊಡ್ಡದೋ, ನಡುವೆ ಜಾಹೀರಾತು ಬೇಕೋ ಬೇಡವೋ, ತಿಂಗಳಿಗೋ ವರ್ಷಕ್ಕೋ, ಎಲ್ಲವೂ ಲೆಕ್ಕ. ಇವುಗಳಲ್ಲಿ ಒಂದನ್ನು ಆರಿಸುವುದಕ್ಕೆ ಹೊರಟ ಸಂಸಾರ ಚಿತ್ರದ ವಿಷಯವನ್ನು ಬಿಟ್ಟು ತನ್ನನ್ನೇ ಅಳೆದುಕೊಳ್ಳಬೇಕಾಗುತ್ತದೆ.

ಗೋಣಿಕೊಪ್ಪಲಿನಲ್ಲಿ, ಕೀರೆಹೊಳೆಯಿಂದ ಹೆಚ್ಚು ದೂರವಿಲ್ಲದ ಒಂದು ಮನೆಗೆ ಈ ಅಳತೆಯ ಕೆಲಸ 2025ರ ಮೇ ತಿಂಗಳಲ್ಲಿ ಬಂದೊದಗಿತು. ಯಜಮಾನರು ನಿವೃತ್ತ ಅಧ್ಯಾಪಕರು. ನಾಲ್ಕು ಎಕರೆ ರೊಬಸ್ಟಾ ಕಾಫಿಯ ತೋಟವುಂಟು. ಮನೆಯಲ್ಲಿ ಗೃಹಿಣಿ, ಎಂಬತ್ತು ದಾಟಿದ ಅಜ್ಜಿ, ಕಾಲೇಜಿಗೆ ಹೋಗುವ ಮಗಳು. ಹಿರಿಯ ಮಗ ಬೆಂಗಳೂರಿನಲ್ಲಿ ಉದ್ಯೋಗಸ್ಥ. ಅದುವರೆಗೆ ಇವರೆಲ್ಲ ಮಗ ಕಟ್ಟುತ್ತಿದ್ದ ಚಂದಾದಲ್ಲಿಯೇ ಚಿತ್ರ ನೋಡುತ್ತಿದ್ದರು. ಗುಪ್ತಪದವೊಂದನ್ನು ಫೋನಿನಲ್ಲಿ ಹೇಳಿಸಿಕೊಂಡರೆ ಸಾಕಾಗಿತ್ತು.

ಆದರೆ ನೆಟ್‌ಫ್ಲಿಕ್ಸ್ ಸಂಸ್ಥೆಯು 2023ರ ಜುಲೈಯಲ್ಲಿಯೇ, ಒಂದು ಖಾತೆ ಒಂದು ಮನೆಗೆ ಮಾತ್ರ ಎಂದು ಭಾರತದ ಚಂದಾದಾರರಿಗೆ ತಿಳಿಸಿದ್ದಿತು. ಒಂದೇ ಸೂರಿನ ಕೆಳಗೆ ಒಟ್ಟಿಗೆ ವಾಸಿಸುವವರೇ ಮನೆಯವರು. ಮನೆ ಯಾವುದೆಂಬುದಕ್ಕೆ ಆ ಸೂರಿನ ಅಂತರ್ಜಾಲದ ಸಂಪರ್ಕವೇ ಗುರುತು. ಈ ನಿಯಮದ ಬಿಸಿ ಗೋಣಿಕೊಪ್ಪಲಿಗೆ ತಡವಾಗಿ ತಟ್ಟಿತು. ಒಂದು ಸಂಜೆ, ಈ ಟೀವಿ ಖಾತೆದಾರರ ಮನೆಗೆ ಸೇರಿದ್ದಲ್ಲ ಎಂಬರ್ಥದ ಬರಹ ಪರದೆಯ ಮೇಲೆ ಮೂಡಿತು. ಮೊಮ್ಮಗಳು ಅದನ್ನು ಅಜ್ಜಿಗೆ ಓದಿ ಹೇಳಿದಳು.

“ಅವನು ನಮ್ಮ ಮನೆಯವನಲ್ಲವೇ?” ಎಂದು ಕೇಳಿದರು ಅಜ್ಜಿ.

ಯಜಮಾನರು ಸಮಜಾಯಿಷಿ ಹೇಳಲು ನೋಡಿದರು. ಅದು ಅಜ್ಜಿಗೆ ಹಿಡಿಸಲಿಲ್ಲ. ಮನೆ ಎಂಬ ಮಾತಿಗೆ ಕೊಡಗಿನಲ್ಲಿರುವಷ್ಟು ವಿಸ್ತಾರ ಬೇರೆಡೆ ಇರುವುದು ಕಡಮೆ. ಕೊಡವರಲ್ಲಿ ಒಕ್ಕ ಎಂದರೆ ಒಂದು ಮೂಲಪುರುಷನಿಂದ ಇಳಿದು ಬಂದವರೆಲ್ಲರೂ. ಅವರಿಗೆಲ್ಲ ಒಂದು ಐನ್‌ಮನೆ. ಒಬ್ಬನು ಸೈನ್ಯದಲ್ಲಿ ಗಡಿಯಲ್ಲಿರಬಹುದು, ಇನ್ನೊಬ್ಬನು ಸಾಗರದಾಚೆ ಇರಬಹುದು. ಪುತ್ತರಿಗೆ ಕದಿರು ತರುವಾಗ ಅವರ ಮನೆ ಅದೇ. ನೆರೆಯ ಕೊಡವ ಗೃಹಸ್ಥರೊಬ್ಬರು ಸಂಗತಿಯನ್ನು ಕೇಳಿ ನಕ್ಕುಬಿಟ್ಟರು: “ನಮ್ಮ ಒಕ್ಕದಲ್ಲಿ ನೂರಕ್ಕೆ ಮೇಲೆ ಜನ ಇದ್ದೇವೆ ಮಾಷ್ಟ್ರೇ. ಐನ್‌ಮನೆಯಲ್ಲಿ ದೀಪ ಹಚ್ಚುವವರು ಇಬ್ಬರೇ. ಇವರ ಲೆಕ್ಕದಲ್ಲಿ ನಾವು ಎಷ್ಟು ಮನೆ?” ವ್ಯಾಪಾರಿಯ ಕಡೆಯಿಂದ ನೋಡಿದರೆ ನಿಯಮ ಅನ್ಯಾಯದ್ದೇನೂ ಅಲ್ಲ. ಒಂದು ಚಂದಾದಲ್ಲಿ ನೂರು ಜನ ನೋಡಿದರೆ ಚಿತ್ರ ತೆಗೆದವನಿಗೆ ಕೂಲಿ ಗಿಟ್ಟುವುದು ಹೇಗೆ? ಆದರೂ ಮನೆಯ ಗಡಿಯನ್ನು ತಂತಿಯೊಂದು ಗೊತ್ತುಮಾಡುವುದು ವಿಚಿತ್ರವಾಗಿಯೇ ಕಾಣುತ್ತದೆ.

ಅಂತೂ ಸ್ವಂತ ಚಂದಾ ಬೇಕೆಂದಾಯಿತು. ಯಾವುದು ಎಂಬುದೇ ಪ್ರಶ್ನೆ. ನೆಟ್‌ಫ್ಲಿಕ್ಸಿನಲ್ಲಿ 2021ರ ಡಿಸೆಂಬರಿನಲ್ಲಿ ಇಳಿಸಿದ ದರಗಳೇ ಆಗ ನಡೆಯುತ್ತಿದ್ದುವು: ಫೋನಿನಲ್ಲಿ ಮಾತ್ರ ನೋಡುವವರಿಗೆ ತಿಂಗಳಿಗೆ 149 ರೂಪಾಯಿ, ಟೀವಿಗೂ ಸಲ್ಲುವ ಒಂದು ಪರದೆಗೆ 199, ಎರಡು ಪರದೆಗೆ 499, ನಾಲ್ಕಕ್ಕೆ 649. ವರ್ಷದ ಚಂದಾ ಅಲ್ಲಿಲ್ಲ. ಜಿಯೋಸಿನಿಮಾ ಮತ್ತು ಡಿಸ್ನಿ ಪ್ಲಸ್ ಹಾಟ್‌ಸ್ಟಾರ್ ಆ ವರ್ಷದ ಫೆಬ್ರವರಿ 14ರಂದು ಕೂಡಿ ಹುಟ್ಟಿದ ಜಿಯೋಹಾಟ್‌ಸ್ಟಾರ್ ಮೂರು ತಿಂಗಳಿಗೆ ಫೋನಿಗಾದರೆ 149, ಜಾಹೀರಾತಿನೊಡನೆ ಎರಡು ಪರದೆಗೆ 299, ನಾಲ್ಕಕ್ಕೆ 499 ಕೇಳುತ್ತಿತ್ತು. ಅಮೆಜಾನಿನ ಪ್ರೈಮ್ ವರ್ಷಕ್ಕೆ 1499. ಜೂನ್ 17ರಿಂದ ಅದರ ಚಿತ್ರಗಳ ನಡುವೆಯೂ ಜಾಹೀರಾತು ಬರುವುದೆಂದೂ, ಬೇಡವಾದವರು ವರ್ಷಕ್ಕೆ ಇನ್ನೂ 699 ಕೊಡಬೇಕೆಂದೂ ಪ್ರಕಟಣೆ ಬಂದಿದ್ದಿತು. ಹಣ ಕೊಟ್ಟು ಜಾಹೀರಾತು ನೋಡುವುದು, ಮತ್ತೆ ಹಣ ಕೊಟ್ಟು ಅದನ್ನು ನೋಡದೆ ಇರುವುದು: ವರ್ತಕರ ಬುದ್ಧಿಗೆ ನಮಸ್ಕಾರ ಹೇಳಬೇಕು.

ಯಜಮಾನರದು ಒಂದೇ ಮಾತು: ವರ್ಷದ್ದನ್ನು ಒಟ್ಟಿಗೆ ಕಟ್ಟಿ ನಿಶ್ಚಿಂತೆಯಾಗಿರುವುದು. ಇದು ತೋಟಗಾರನ ಸ್ವಭಾವ. ಕಾಫಿಯ ಹಣ ಬರುವುದು ವರ್ಷಕ್ಕೊಮ್ಮೆ. ಅಂಗಡಿಯ ಬಾಕಿ, ಗೊಬ್ಬರದ ಬಾಕಿ, ವಿಮೆಯ ಕಂತು ಎಲ್ಲವೂ ಆಗಲೇ ತೀರಬೇಕು. ತಿಂಗಳ ಚಂದಾ ಎಂಬುದು ತಿಂಗಳ ಸಂಬಳದವರ ಕಲ್ಪನೆ. ಅಲ್ಲದೆ 2024–25ರ ಸಾಲಿನಲ್ಲಿ ರೊಬಸ್ಟಾದ ಬೆಲೆ ಹಿಂದೆಂದೂ ಕಾಣದಷ್ಟು ಏರಿದ್ದಿತು. ಸಾವಿರ, ಎರಡು ಸಾವಿರ ಅವರಿಗೆ ಭಾರವಾಗಿರಲಿಲ್ಲ.

ಗೃಹಿಣಿ ಮಾತಾಡಲಿಲ್ಲ. ಹಳೆಯ ಕ್ಯಾಲೆಂಡರಿನ ಹಾಳೆಯೊಂದರ ಬೆನ್ನಿನ ಮೇಲೆ ಒಂದು ವಾರ ಯಾರು, ಯಾವಾಗ, ಏನು ನೋಡಿದರೆಂದು ಬರೆದಿಟ್ಟರು. ಅದನ್ನು ಓದಿದಾಗ ಮನೆಯವರಿಗೆ ತಮ್ಮ ಪರಿಚಯ ಹೊಸದಾಗಿ ಆದಂತಾಯಿತು. ಅಜ್ಜಿಗೆ ಬೆಳಗ್ಗೆ ಮಡಿಕೇರಿ ಆಕಾಶವಾಣಿ, ಸಂಜೆ ಕೇಬಲಿನ ಕನ್ನಡ ಧಾರಾವಾಹಿ. ಯಜಮಾನರಿಗೆ ಸುದ್ದಿ ಮತ್ತು ಹಾಕಿ. ಅದರಲ್ಲೂ 1997ರಲ್ಲಿ ಕರಡದಲ್ಲಿ ಮೊದಲಾದ ಕೊಡವ ಕುಟುಂಬಗಳ ಹಾಕಿ ಉತ್ಸವವೆಂದರೆ ಊಟ ಬೇಡ. ಸ್ಥಳೀಯರು ಯೂಟ್ಯೂಬಿನಲ್ಲಿ ಬಿತ್ತರಿಸುವ ಆ ಪಂದ್ಯಗಳಿಗೆ ಚಂದಾದ ಹಂಗೇ ಇಲ್ಲ. ಮಗಳು ನೋಡುವುದು ಫೋನಿನಲ್ಲಿ, ಮಲಗುವ ಮೊದಲು. ನಾಲ್ವರು ಬೇರೆ ಬೇರೆಯಾಗಿ ಏಕಕಾಲದಲ್ಲಿ ಚಿತ್ರ ನೋಡಿದ ಗಳಿಗೆ ವಾರದಲ್ಲಿ ಒಂದೂ ಇರಲಿಲ್ಲ. ಎಲ್ಲರೂ ಒಟ್ಟಿಗೆ ಕುಳಿತದ್ದು ಎರಡು ರಾತ್ರಿ.

ಕ್ಯಾಲೆಂಡರಿನ ಮುಖವನ್ನೂ ಅವರು ತಿರುಗಿಸಿ ತೋರಿಸಿದರು. ಡಿಸೆಂಬರು ಕಳೆದರೆ ಕೊಯ್ಲು. ಆಮೇಲೆ ಹೂಮಳೆ ಬಾರದಿದ್ದರೆ ರಾತ್ರಿಯೆಲ್ಲ ತೋಟಕ್ಕೆ ನೀರು ಹಾರಿಸುವ ಗಡಿಬಿಡಿ. ಆ ತಿಂಗಳುಗಳಲ್ಲಿ ಚಿತ್ರ ಹಚ್ಚಿದರೆ ಹೆಸರುಗಳು ಮುಗಿಯುವುದರೊಳಗೆ ಯಜಮಾನರಿಗೆ ನಿದ್ದೆ. ನೋಡುವ ಕಾಲವೆಂದರೆ ಜೂನಿನಿಂದ ಕಕ್ಕಡ ಕಳೆಯುವವರೆಗೆ, ಹೊರಗೆ ಕಾಲಿಡಲಾಗದ ಮಳೆಯಲ್ಲಿ. “ಮೂರು ತಿಂಗಳಿಗೆ ಹನ್ನೆರಡು ತಿಂಗಳ ಹಣವೇಕೆ?” ಎಂದರು.

ಇಷ್ಟು ಸ್ಪಷ್ಟವಾದ ಲೆಕ್ಕಕ್ಕೂ ಮಳೆ ಒಂದು ಅಡ್ಡಗೆರೆ ಎಳೆಯಿತು. ಆ ವರ್ಷ ಮುಂಗಾರು ಮೇ 24ರಂದೇ ಕೇರಳವನ್ನು ಮುಟ್ಟಿತು. 2009ರ ಬಳಿಕ ಅಷ್ಟು ಬೇಗ ಬಂದುದಿಲ್ಲ. ಗಾಳಿಗೆ ಸಿಲ್ವರ್ ಓಕಿನ ಕೊಂಬೆ ಮುರಿದು ಬಿದ್ದು ತಂತಿ ಹರಿಯಿತು. ಎರಡು ರಾತ್ರಿ ಮನೆ ಕತ್ತಲೆ. ಚಿತ್ರಕ್ಕೆ ಬಿಡುವಿರುವ ತಿಂಗಳುಗಳೇ ತಂತಿಯನ್ನು ನಂಬಲಾಗದ ತಿಂಗಳುಗಳು! ಮಗಳು ಉಪಾಯ ಹೇಳಿದಳು: ಸಂಪರ್ಕ ಚೆನ್ನಾಗಿದ್ದಾಗ ಚಿತ್ರವನ್ನು ಫೋನಿಗೆ ಇಳಿಸಿಕೊಂಡರೆ ಮಳೆಯಲ್ಲಿಯೂ ನೋಡಬಹುದು, ಹಾಗಾದರೆ 149ರ ಚಂದಾವೇ ಸಾಕು, ತಿಂಗಳಿಗೆ ಐವತ್ತು ರೂಪಾಯಿ ಉಳಿತಾಯ. ಮಾತು ಸುಳ್ಳಲ್ಲ. ಆದರೆ ಆ ಚಂದಾದಲ್ಲಿ ಚಿತ್ರ ಟೀವಿಗೆ ಏರುವುದಿಲ್ಲ. ಅಂಗೈಯಗಲದ ಪರದೆ ಅಜ್ಜಿಯ ಕಣ್ಣಿಗೆ ನಿಲುಕುವುದಿಲ್ಲ. ಅದನ್ನು ಹಿಡಿದವರೊಡನೆ ಇನ್ನೊಬ್ಬರು ಕುಳಿತು ನೋಡುವುದೂ ಕಷ್ಟವೇ.

“ಐವತ್ತು ರೂಪಾಯಿ ಉಳಿಸಿ ಅಜ್ಜಿಯನ್ನು ಕೋಣೆಗೆ ಕಳುಹಿಸಿದ ಹಾಗಾಗುತ್ತದಮ್ಮ,” ಎಂದರು ಗೃಹಿಣಿ. ಮಗಳು ಫೋನನ್ನು ಕೆಳಗಿಟ್ಟಳು.

ದರಪಟ್ಟಿಯಲ್ಲಿ ಅತ್ಯಂತ ದೊಡ್ಡ ಅಂತರ 499ಕ್ಕೂ 199ಕ್ಕೂ ನಡುವೆ ಇದೆಯೆಂದು ಕಣ್ಣಿಗೆ ಕಾಣುತ್ತದೆ. ಸಂಸಾರದ ಪಾಲಿಗೆ ಅದು 199ಕ್ಕೂ 149ಕ್ಕೂ ನಡುವಿನ ಐವತ್ತರಲ್ಲಿದೆ. ಚಿತ್ರದ ನವುರು ಹೆಚ್ಚೆಂದು 649 ತೆರುವವರು ಮೊದಲು ತಮ್ಮ ಟೀವಿಯನ್ನು ನೋಡಿಕೊಳ್ಳುವುದು ಒಳ್ಳೆಯದು. ಮೂವತ್ತೆರಡು ಇಂಚಿನ ಪರದೆಗೆ ಅಷ್ಟು ನವುರು ಸುರಿದರೂ ಸೋಫಾದಿಂದ ನೋಡುವವರಿಗೆ ತಿಳಿಯದು.

ಉಳಿದದ್ದು ಅಜ್ಜಿಯ ಬೇಡಿಕೆ. ಅವರು ಭಾರತೀಸುತರ ಕಾದಂಬರಿಗಳನ್ನು ಓದಿದವರು. ಕೊಡಗಿನ ಅರಸರ ಕಾಲದ ಕಥೆಯಾದ ‘ಹುಲಿಯ ಹಾಲಿನ ಮೇವು’ 1979ರಲ್ಲಿ ರಾಜಕುಮಾರರ ಚಿತ್ರವಾಗಿ ಬಂದುದು ಅವರಿಗೆ ನೆನಪು. “ಅದು ಇದೆಯೇ?” ಎಂದು ಕೇಳಿದರು. ಎಷ್ಟು ಪರದೆ ಎಂದು ಹೇಳುವ ದರಪಟ್ಟಿ ಎಷ್ಟು ಕನ್ನಡ ಎಂದು ಹೇಳುವುದಿಲ್ಲ. ಹೊಸ ಚಿತ್ರಗಳಿಗೆ ಕೊರತೆಯಿಲ್ಲ: 2020ರ ಜುಲೈಯಲ್ಲಿ ‘ಲಾ’ ಚಿತ್ರ ಚಿತ್ರಮಂದಿರವನ್ನು ಮುಟ್ಟದೆ ನೇರವಾಗಿ ಪ್ರೈಮಿಗೆ ಬಂದಿತು, 2022ರಲ್ಲಿ ‘ಕಾಂತಾರ’ ಅಲ್ಲಿಗೇ ಬಂದಿತು. ಆದರೆ ‘ಏಕಂ’ ಎಂಬ ಕನ್ನಡ ಸರಣಿಯನ್ನು ಕೊಳ್ಳುವ ಸಂಸ್ಥೆ ಸಿಕ್ಕದೆ, ರಕ್ಷಿತ್ ಶೆಟ್ಟಿಯವರ ಸಂಸ್ಥೆ 2024ರ ಜುಲೈಯಲ್ಲಿ ಅದಕ್ಕಾಗಿಯೇ ಒಂದು ಜಾಲತಾಣವನ್ನು ಮಾಡಿ ಅಲ್ಲಿ ಬಿಡುಗಡೆ ಮಾಡಬೇಕಾಯಿತು. ಜೀ5 ಸಂಸ್ಥೆ ‘ಅಯ್ಯನ ಮನೆ’ ಸರಣಿಯನ್ನು ತಂದುದು 2025ರ ಏಪ್ರಿಲಿನಲ್ಲಿ. ಹೀಗಿರುವಾಗ ಕನ್ನಡದ ಮನೆ ಹಣ ಕಟ್ಟುವ ಮೊದಲು ತನಗೆ ಬೇಕಾದ ಹತ್ತು ಹೆಸರುಗಳನ್ನು ಬರೆದು ಎಲ್ಲಿ ಯಾವುದುಂಟೆಂದು ಹುಡುಕಿಕೊಳ್ಳುವುದು ಲೇಸು. ಮಗಳು ಹಾಗೆಯೇ ಮಾಡಿದಳು. ಹಳೆಯ ಕನ್ನಡ ಚಿತ್ರಗಳು ಹಲವು ಯೂಟ್ಯೂಬಿನಲ್ಲಿ ಕಾಸಿಲ್ಲದೆ ಸಿಗುವುದರಿಂದ ಅಜ್ಜಿಯ ಪಟ್ಟಿಗೆ ಬೇರೆ ಚಂದಾ ಬೇಡವೆನಿಸಿತು; ಉಳಿದ ಮೂವರ ಪಟ್ಟಿಗಳು ಹೆಚ್ಚು ಕೂಡಿದ್ದು ನೆಟ್‌ಫ್ಲಿಕ್ಸಿನಲ್ಲಿ.

ಕೊನೆಗೆ 199ರ ಒಂದು ಪರದೆ ಎಂದು ಗೊತ್ತಾಯಿತು. ಜೂನ್, ಜುಲೈ, ಆಗಸ್ಟ್ ಕಟ್ಟುವುದು, ಕೈಲ್‌ಪೊಳ್ದಿಗೆ ಮುಂಚೆ ನಿಲ್ಲಿಸುವುದು. ಮರೆತರೆ ಹಣ ತಾನಾಗಿ ಕತ್ತರಿಸಿಹೋದೀತೆಂದು ಯಜಮಾನರಿಗೆ ಭಯ. ಅಂತಹ ಕಡಿತಕ್ಕೆ 24 ಗಂಟೆ ಮೊದಲು ತಿಳಿವಳಿಕೆ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರಿನಿಂದ ಜಾರಿಯಲ್ಲಿದೆಯೆಂದು ಮಗಳು ಸಮಾಧಾನ ಹೇಳಿದಳು. ಆದರೂ ಗೃಹಿಣಿ ಕ್ಯಾಲೆಂಡರಿನಲ್ಲಿ ಆಗಸ್ಟಿನ ಒಂದು ದಿನಕ್ಕೆ ಕೆಂಪು ಗುರುತು ಹಾಕಿದರು.

ಯಾವ ಚಂದಾ ಆದರೂ ಆ ಖಾತೆಯಲ್ಲಿ ಐದು ಹೆಸರುಗಳಿಗೆ ಎಡೆ ಉಂಟು. ಮಗಳು ನಾಲ್ಕನ್ನು ಬರೆದಳು. ಐದನೆಯದನ್ನು ಖಾಲಿ ಬಿಡುವುದು ಅಜ್ಜಿಗೆ ಒಪ್ಪಿಗೆಯಾಗಲಿಲ್ಲ. ಬೆಂಗಳೂರಿನಲ್ಲಿ ಅವನಿಗೆ ನಾಲ್ಕು ಪರದೆಯ ಚಂದಾ ಇದ್ದೇ ಇದೆಯೆಂದು ಎಷ್ಟು ಹೇಳಿದರೂ ಕೇಳದೆ, ಮೊಮ್ಮಗನ ಹೆಸರನ್ನು ಬರೆಯಿಸಿ, ಅದು ಪರದೆಯ ಮೇಲೆ ಮೂಡುವವರೆಗೆ ಕುರ್ಚಿಯಿಂದ ಏಳಲಿಲ್ಲ.